ಹಾಲ್ ಅರ್ಧ ಖಾಲಿ, ಊಟ ಮಾತ್ರ ತಡ: ವಾರದ ನಡುವಿನ ರಾತ್ರಿಯೂಟದ ಬಗ್ಗೆ

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ನನ್ನ ಕೆಲಸ ಕೆಂಪೇಗೌಡ ರಸ್ತೆಯ ಬ್ಯಾಂಕ್ ಶಾಖೆಯೊಂದರಲ್ಲಿ, ಪತಿಯ ಕಚೇರಿ ರಿಚ್ಮಂಡ್ ವೃತ್ತದ ಬಳಿ. ಶನಿವಾರ, ಭಾನುವಾರಗಳ ನೂಕುನುಗ್ಗಲು ಬೇಡವೆಂದು ತಿಂಗಳಿಗೆ ಒಂದೆರಡು ಬಾರಿ ವಾರದ ನಡುವೆ, ಹೆಚ್ಚಾಗಿ ಬುಧವಾರ, ಊರಿನ ಮಧ್ಯಭಾಗದ ಯಾವುದಾದರೂ ಹೋಟೆಲಿಗೆ ರಾತ್ರಿ ಊಟಕ್ಕೆ ಹೋಗುತ್ತೇವೆ. ಜೊತೆಯಲ್ಲಿ ಎಪ್ಪತ್ತೆರಡು ವರ್ಷದ ಅತ್ತೆಯವರು ಮತ್ತು ಒಂಬತ್ತು ವರ್ಷದ ಮಗಳು. ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿದೆ, ಅವರು ಸಸ್ಯಾಹಾರಿ. ಉಳಿದ ನಾವು ಎರಡನ್ನೂ ತಿನ್ನುತ್ತೇವೆ. ಪತಿ ಮನೆಗೆ ಹೋಗಿ ಅವರಿಬ್ಬರನ್ನು ಕಾರಿನಲ್ಲಿ ಕರೆತರುವಷ್ಟರಲ್ಲಿ ಎಂಟೂವರೆ ಆಗುತ್ತದೆ. ಕಳೆದ ಬಾರಿ ಹಾಲ್ ಅರ್ಧ ಖಾಲಿಯಿತ್ತು. ಆದರೂ ಮಗಳ ಫ್ರೈಡ್ ರೈಸ್ ಮೊದಲು ಬಂದು, ಅವಳು ತಿಂದು ತೂಕಡಿಸಲು ಶುರುಮಾಡಿದ ಮೇಲೆ ಅತ್ತೆಯವರ ರೊಟ್ಟಿ ಬಂತು; ಆಗ ಒಂಬತ್ತೂ ಕಾಲು. ಬಿಲ್ಲಿನಲ್ಲಿ ಶೇಕಡ 10ರ ಸೇವಾ ಶುಲ್ಕವೂ ಇತ್ತು. ನಾವು ಹೋಟೆಲ್ ಆರಿಸುವುದರಲ್ಲಿ ತಪ್ಪುತ್ತಿದ್ದೇವೆಯೇ? ಉಳಿದದ್ದನ್ನು ಕಟ್ಟಿಸಿಕೊಂಡು ಬರಲು ಪತಿಗೆ ಸಂಕೋಚ. ಅದರ ಬಗ್ಗೆಯೂ ದಯವಿಟ್ಟು ತಿಳಿಸಿ.

ಉತ್ತರ: ನೀವು ಹಾಗೆಯೇ ಬರೆದುಬಿಟ್ಟ ಒಂದು ಮಾತಿನಲ್ಲಿ ಉತ್ತರದ ಬಹುಭಾಗ ಅಡಗಿದೆ: ಹಾಲ್ ಅರ್ಧ ಖಾಲಿಯಿತ್ತು, ಆದರೂ ಊಟ ತಡವಾಯಿತು. ಹೋಟೆಲ್ ಆರಿಸುವುದರಲ್ಲಿ ನೀವು ತಪ್ಪಿದಿರೆಂದು ನನಗೆ ಅನ್ನಿಸುವುದಿಲ್ಲ. ಹೋದ ಹೊತ್ತು ಸರಿಯಿರಲಿಲ್ಲ, ಮತ್ತು ನಾಲ್ವರು ಸೇರಿ ನಾಲ್ಕು ಒಲೆಗಳ ಅಡುಗೆಯನ್ನು ಒಂದೇ ಸಲಕ್ಕೆ ಕೇಳಿದಿರಿ. ಮೂವತ್ತು ವರ್ಷ ಈ ಊರಿನ ಹೋಟೆಲುಗಳಲ್ಲಿ ಅಡುಗೆಮನೆಯನ್ನೂ ಹಾಲನ್ನೂ ನೋಡಿಕೊಂಡವನು ನಾನು. ಆ ಅನುಭವದಿಂದ ಹೇಳುವುದಾದರೆ, ವಾರದ ದಿನದ ರಾತ್ರಿಯೂಟ ನೆಮ್ಮದಿಯಾಗಿ ನಡೆಯಬೇಕಾದರೆ ಅಡುಗೆಮನೆಯ ಹೊತ್ತು ಯಾವುದೆಂದು ತಿಳಿದು ಅದಕ್ಕೆ ಹೊಂದಿಕೊಂಡು ಹೋಗಬೇಕು.

ಮೊದಲು ಆ ಖಾಲಿ ಮೇಜುಗಳ ಲೆಕ್ಕವನ್ನು ನೋಡೋಣ. ಹದಿನೈದು ವರ್ಷಗಳ ಹಿಂದೆ ಹಾಲಿನಲ್ಲಿ ಎಷ್ಟು ಮಂದಿ ಕುಳಿತಿದ್ದಾರೆ ಎಂದು ನೋಡಿದರೆ ಒಳಗೆ ಎಷ್ಟು ಕೆಲಸವಿದೆ ಎಂಬುದು ಗೊತ್ತಾಗುತ್ತಿತ್ತು. ಈಗ ಹಾಗಿಲ್ಲ. ಸ್ವಿಗ್ಗಿ ಹುಟ್ಟಿದ್ದೇ ಇದೇ ಬೆಂಗಳೂರಿನಲ್ಲಿ, 2014ರಲ್ಲಿ. ಅದೂ ಜೊಮ್ಯಾಟೊವೂ ಬಂದ ಮೇಲೆ ಮಧ್ಯಮ ದರ್ಜೆಯ ಪ್ರತಿಯೊಂದು ಹೋಟೆಲಿಗೂ ಕಣ್ಣಿಗೆ ಕಾಣದ ಇನ್ನೊಂದು ಹಾಲ್ ಸೇರಿಕೊಂಡಿದೆ. ವಾರದ ದಿನಗಳಲ್ಲಿ ಜನ ಕಚೇರಿಯಿಂದ ಮನೆಗೆ ಬಂದು, ಕೈಕಾಲು ತೊಳೆದು, ಅಡುಗೆ ಮಾಡುವ ಚೈತನ್ಯವಿಲ್ಲವೆಂದು ಫೋನ್ ಕೈಗೆತ್ತಿಕೊಳ್ಳುವುದು ಎಂಟರಿಂದ ಒಂಬತ್ತೂವರೆಯೊಳಗೆ. ನಿಮ್ಮ ಮೇಜಿನ ಆರ್ಡರ್ ಅಡುಗೆಮನೆ ಸೇರುವಾಗ ಅದರ ಮುಂದೆ ಹದಿನೈದೋ ಇಪ್ಪತ್ತೋ ಪಾರ್ಸೆಲ್ ಚೀಟಿಗಳು ಸಾಲಾಗಿ ತೂಗುತ್ತಿರುತ್ತವೆ. ಪಾರ್ಸೆಲ್ ತಡವಾದರೆ ಅದರ ದೂರು ಹೋಟೆಲಿನ ಅಂಕಗಳ ಮೇಲೆ ಬೀಳುತ್ತದೆ; ನೀವಾದರೋ ಸಭ್ಯರಾಗಿ ನೀರು ಕುಡಿಯುತ್ತ ಕುಳಿತಿರುತ್ತೀರಿ. ಯಾರ ಕೆಲಸ ಮೊದಲು ಆಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿದ ಸಂಜೆಯಂತೂ ಈ ಸಾಲು ದುಪ್ಪಟ್ಟಾಗುತ್ತದೆ.

ಆದ್ದರಿಂದ ಹೋಟೆಲಿನ ಬಾಗಿಲಲ್ಲಿ ನಿಂತು ಮೇಜುಗಳನ್ನು ಎಣಿಸುವ ಬದಲು ಪಾರ್ಸೆಲ್ ಕೌಂಟರಿನ ಕಡೆ ನೋಡಿ. ಬಣ್ಣದ ಟೀ ಶರ್ಟ್ ತೊಟ್ಟ ಐದಾರು ಹುಡುಗರು ಫೋನ್ ಹಿಡಿದು ಕಾಯುತ್ತಿದ್ದರೆ, ಹಾಲ್ ಪೂರ್ತಿ ಖಾಲಿಯಿದ್ದರೂ ನಿಮಗೆ ಅರ್ಧ ಗಂಟೆಯ ಕಾಯುವಿಕೆ ಖಚಿತ. ಅಂಥ ರಾತ್ರಿ ಪಕ್ಕದ ಹೋಟೆಲಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹೋಟೆಲುಗಳ ಸಿಬ್ಬಂದಿಯಲ್ಲಿ ಬಹಳಷ್ಟು ಮಂದಿ ಬ್ರೇಕ್ ಶಿಫ್ಟಿನಲ್ಲಿ ದುಡಿಯುತ್ತಾರೆ. ಬೆಳಗ್ಗೆಯಿಂದ ಮಧ್ಯಾಹ್ನ ಮೂರು, ಮೂರೂವರೆಯವರೆಗೆ ಒಂದು ಪಾಳಿ. ನಡುವೆ ಬಟ್ಟೆ ಒಗೆದುಕೊಂಡು ಒಂದು ನಿದ್ದೆ ಮಾಡಿ, ಮತ್ತೆ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಇನ್ನೊಂದು. ಸಂಜೆಯ ಪಾಳಿಯವರು ಆರೂವರೆಯ ಆಸುಪಾಸಿಗೆ ತಮ್ಮ ಊಟವನ್ನೋ ತಿಂಡಿಯನ್ನೋ ಮುಗಿಸಿರುತ್ತಾರೆ. ಏಳು ಗಂಟೆಗೆ ತಂದೂರ್ ಕಾದಿರುತ್ತದೆ, ರಾತ್ರಿಗೆಂದು ಮಾಡಿದ ಗ್ರೇವಿಗಳು ಆಗಷ್ಟೇ ಒಲೆಯಿಂದ ಇಳಿದಿರುತ್ತವೆ, ತರಕಾರಿ ಹೆಚ್ಚಿಟ್ಟಿರುತ್ತದೆ, ಸಪ್ಲೈಯರ್ ಮುಖದಲ್ಲಿ ಇನ್ನೂ ನಗು ಉಳಿದಿರುತ್ತದೆ. ಇದೇ ಅಡುಗೆಮನೆ ಒಂಬತ್ತೂಕಾಲಿಗೆ ಬೇರೆಯೇ ಆಗಿರುತ್ತದೆ: ಅನ್ನ ತಳ ಕಂಡಿರುತ್ತದೆ, ಹುಳಿಯನ್ನು ಎರಡನೆಯ ಸಲ ಕುದಿಸಿದ್ದರಿಂದ ತರಕಾರಿ ಹೋಳು ಕರಗಿಹೋಗಿರುತ್ತದೆ, ಹತ್ತೂಕಾಲಿಗೆ ಕೊನೆಯ ಆರ್ಡರ್ ಎಂಬ ಹೋಟೆಲಿನಲ್ಲಿ ಕ್ಲೀನರ್ ಆಗಲೇ ಮೂಲೆಯ ಮೇಜುಗಳ ಮೇಲೆ ಕುರ್ಚಿ ಎತ್ತಿಡಲು ಯೋಚಿಸುತ್ತಿರುತ್ತಾನೆ. ಏಳರಿಂದ ಏಳೂ ನಲವತ್ತರೊಳಗೆ ಕುಳಿತು ಆರ್ಡರ್ ಹೇಳಿದವರಿಗೆ ಸಿಗುವ ಊಟವೂ ಎಂಟೂವರೆಗೆ ಬಂದವರಿಗೆ ಸಿಗುವ ಊಟವೂ ಮೆನು ಕಾರ್ಡಿನಲ್ಲಿ ಒಂದೇ, ತಟ್ಟೆಯಲ್ಲಿ ಅಲ್ಲ.

ಏಳಕ್ಕೆ ತಲುಪುವುದು ಹೇಗೆ ಎಂದು ಕೇಳುವಿರಿ. ನಿಮ್ಮ ತೊಡಕು ಇರುವುದು ಕಾರಿನಲ್ಲಿ. ಸಂಜೆ ಆರರ ಮೇಲೆ ರಿಚ್ಮಂಡ್ ವೃತ್ತದಿಂದ ವಿಜಯನಗರಕ್ಕೆ ಹೋಗಿ, ಮತ್ತೆ ಅದೇ ದಾರಿಯಲ್ಲಿ ಊರಿನ ಮಧ್ಯಕ್ಕೆ ಮರಳಿ, ಆಮೇಲೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದು ಊಟಕ್ಕಿಂತ ದೊಡ್ಡ ಕೆಲಸ. ವಿಜಯನಗರವೂ ಮೆಜೆಸ್ಟಿಕ್ಕೂ ಕಬ್ಬನ್ ಪಾರ್ಕೂ ಎಂ.ಜಿ. ರಸ್ತೆಯೂ ಮೆಟ್ರೊದ ಒಂದೇ ನೇರಳೆ ಮಾರ್ಗದಲ್ಲಿವೆ. ನಡುವೆ ರೈಲು ಬದಲಿಸುವ ಪ್ರಶ್ನೆಯಿಲ್ಲ. ಅತ್ತೆಯವರೂ ಮಗಳೂ ಮಹಿಳೆಯರಿಗೆ ಮೀಸಲಾದ ಮುಂದಿನ ಬೋಗಿಯಲ್ಲಿ ಕುಳಿತು ಬಂದರೆ ಮೆಜೆಸ್ಟಿಕ್ಕಿಗೆ ಹತ್ತು ಹನ್ನೆರಡು ನಿಮಿಷ, ಅಲ್ಲಿ ನೀವು ಅವರನ್ನು ಕೂಡಿಕೊಳ್ಳಬಹುದು. ಪತಿಯವರು ನೇರವಾಗಿ ಹೋಟೆಲಿಗೆ ಬಂದು ಮೇಜು ಹಿಡಿದಿಡಬಹುದು. ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಮಂಡಿನೋವಿನವರಿಗೂ ಕಷ್ಟವಾಗದು. ಕಾರು ಬೇಕೇ ಬೇಕೆಂದಿದ್ದರೆ ಗಾಂಧಿನಗರದ ಕಡೆಗೆ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ನಿಲುಗಡೆ ಕಟ್ಟಡವಿದೆ. ಚರ್ಚ್ ಸ್ಟ್ರೀಟಿನಲ್ಲಿ ರಸ್ತೆಬದಿಯ ಜಾಗವನ್ನು ನಂಬಿ ಹೋಗಬೇಡಿ.

ಇನ್ನು ರೊಟ್ಟಿ ಏಕೆ ತಡವಾಯಿತು ಎಂಬುದು. ಮಧ್ಯಮ ದರ್ಜೆಯ ಹೋಟೆಲಿನ ಅಡುಗೆಮನೆಯೆಂದರೆ ಒಂದೇ ಅಡುಗೆಮನೆಯಲ್ಲ. ದೋಸೆ ಕಾವಲಿಯದು ಒಂದು ವಿಭಾಗ, ತಂದೂರಿನದು ಇನ್ನೊಂದು, ಚೈನೀಸ್ ಬಾಣಲೆಯದು ಮತ್ತೊಂದು, ಅನ್ನ, ಸಾರು, ಪಲ್ಯಗಳದು ಬೇರೆ, ಜ್ಯೂಸ್ ಮತ್ತು ಐಸ್‌ಕ್ರೀಮ್ ಹೊರಗಡೆ. ಸಪ್ಲೈಯರ್ ಬರೆದುಕೊಂಡ ಆರ್ಡರ್ ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಚೀಟಿಯಾಗಿ ಹೋಗುತ್ತದೆ. ಹೋಟೆಲಿನವರು ಅದನ್ನು ಕೆ.ಓ.ಟಿ., ಅಂದರೆ ಕಿಚನ್ ಆರ್ಡರ್ ಟಿಕೆಟ್, ಎನ್ನುತ್ತಾರೆ. ಚೈನೀಸ್ ಬಾಣಲೆಯಲ್ಲಿ ಫ್ರೈಡ್ ರೈಸ್ ನಾಲ್ಕು ನಿಮಿಷದ ಕೆಲಸ, ಏಕೆಂದರೆ ಅನ್ನ ಮೊದಲೇ ಬೆಂದು ಆರಿರುತ್ತದೆ. ಕೈಯಲ್ಲಿ ತಟ್ಟಿ ಹಂಚಿನ ಮೇಲೆ ಬೇಯಿಸಬೇಕಾದ ಅಕ್ಕಿ ರೊಟ್ಟಿಗೆ ಅಷ್ಟು ಆತುರವಿಲ್ಲ. ಅದನ್ನು ಮಾಡುವವರು ಒಬ್ಬರೇ, ಹಂಚುಗಳು ಎರಡು, ಮುಂದೆ ಎಂಟು ಚೀಟಿ. ಈ ಚೀಟಿಗಳೆಲ್ಲ ಒಂದೇ ಮೇಜಿನವು ಎಂಬುದು ಚೈನೀಸ್ ಮಾಸ್ಟರಿಗೂ ಗೊತ್ತಿಲ್ಲ, ರೊಟ್ಟಿ ತಟ್ಟುವವರಿಗೂ ಗೊತ್ತಿಲ್ಲ. ದುಬಾರಿ ಹೋಟೆಲುಗಳಲ್ಲಿ ಇದನ್ನು ಹೊಂದಿಸಲೆಂದೇ ಒಬ್ಬರು ನಿಂತಿರುತ್ತಾರೆ, ನಾವು ನೀವು ಹೋಗುವ ಹೋಟೆಲಿನಲ್ಲಿ ಆ ಹುದ್ದೆಯೇ ಇಲ್ಲ. ‘ಎಲ್ಲವನ್ನೂ ಒಟ್ಟಿಗೆ ತನ್ನಿ’ ಎಂದು ನೀವು ಹೇಳಬಹುದು, ಸಪ್ಲೈಯರ್ ತಲೆಯಾಡಿಸಬಹುದು. ಅದರಿಂದ ಆಗುವುದೆಂದರೆ ಮೊದಲು ಆದ ಫ್ರೈಡ್ ರೈಸ್ ಒಳಗೆ ಕುಳಿತು ತಣ್ಣಗಾಗುತ್ತದೆ.

ಪರಿಹಾರ ಸರಳವಾಗಿದೆ, ಆದರೆ ಮನೆಯವರನ್ನು ಒಪ್ಪಿಸುವುದು ಕಷ್ಟ. ಒಂದು ರಾತ್ರಿಗೆ ಒಂದು, ಹೆಚ್ಚೆಂದರೆ ಎರಡು ವಿಭಾಗಗಳಿಂದ ಮಾತ್ರ ತರಿಸಿ. ತಂದೂರಿ ರೊಟ್ಟಿ, ದಾಲ್, ಒಂದು ಪಲ್ಯ ಎಂದಾದರೆ ನಾಲ್ವರಿಗೂ ಅದೇ ಇರಲಿ, ಮಗಳಿಗೆ ಬೆಣ್ಣೆ ಹಚ್ಚಿದ ರೊಟ್ಟಿ ಕೊಡಿಸಿ. ಅತ್ತೆಯವರ ರೊಟ್ಟಿಯೇ ಮುಖ್ಯವಾದರೆ ಕುಳಿತ ಕೂಡಲೇ ಅದೊಂದನ್ನು ಮೊದಲು ಹೇಳಿ, ಮಿಕ್ಕದ್ದನ್ನು ಐದು ನಿಮಿಷ ಬಿಟ್ಟು ಹೇಳಿ. ಬೈ ಟೂ ಸೂಪು ತರಿಸಿಕೊಂಡು ಆಮೇಲೆ ಮೆನು ಕಾರ್ಡ್ ಓದುವ ನಮ್ಮೂರಿನ ಅಭ್ಯಾಸ ಕಾಲ ಕಳೆಯಲು ಒಳ್ಳೆಯದು. ಆದರೆ ಆ ಹದಿನೈದು ನಿಮಿಷದಲ್ಲಿ ನಿಮ್ಮ ಚೀಟಿ ಸಾಲಿನಲ್ಲಿ ಹಿಂದೆ ಬೀಳುತ್ತದೆ ಎಂಬುದು ನೆನಪಿರಲಿ.

ಗ್ರೇವಿಗಳ ಬಗ್ಗೆ ಒಂದು ಮಾತು, ಇದನ್ನು ಹೇಳಿದರೆ ನನ್ನ ಹಳೆಯ ಸಹೋದ್ಯೋಗಿಗಳು ಮುನಿಸಿಕೊಳ್ಳಬಹುದು. ಮೆನು ಕಾರ್ಡಿನಲ್ಲಿ ಉತ್ತರ ಭಾರತದ ಪದಾರ್ಥಗಳು ಅರವತ್ತಿದ್ದರೂ ಒಲೆಯ ಮೇಲಿರುವ ಮೂಲ ಗ್ರೇವಿಗಳು ಮೂರೋ ನಾಲ್ಕೋ: ಈರುಳ್ಳಿ ಮತ್ತು ಟೊಮೆಟೊದ್ದು, ಬೆಣ್ಣೆ ಹಾಕಿದ ಟೊಮೆಟೊದ್ದು, ಗೋಡಂಬಿಯ ಬಿಳಿಯದು, ಕೆಲವೆಡೆ ಪಾಲಕ್ಕಿನದು. ಪನೀರ್ ಬಟರ್ ಮಸಾಲಾವನ್ನೂ ಅದೇ ಕೆಂಪು ಬಣ್ಣದ ಇನ್ನೊಂದನ್ನೂ ಹೆಸರು ಬೇರೆ ಎಂಬ ಕಾರಣಕ್ಕೆ ತರಿಸಿದರೆ ಒಂದೇ ರುಚಿಗೆ ಎರಡು ಬಾರಿ ದುಡ್ಡು ಕೊಟ್ಟಂತೆ. ಒಂದು ಗ್ರೇವಿ, ಒಂದು ಒಣ ಪಲ್ಯ, ಒಂದು ದಾಲ್ ಎಂದರೆ ನಾಲ್ವರಿಗೆ ಸಾಕು.

ಯಾವ ಹೋಟೆಲ್ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು ಈ ಊರಿನ ಒಂದು ವಿಚಿತ್ರವನ್ನು ಗಮನಿಸಬೇಕು. ಬೆಂಗಳೂರಿನ ಹೋಟೆಲುಗಳ ಕೀರ್ತಿ ಬೆಳೆದಿರುವುದು ತಿಂಡಿಯ ಮೇಲೆ, ರಾತ್ರಿಯೂಟದ ಮೇಲಲ್ಲ. 1924ರಲ್ಲಿ ಆರಂಭವಾದ ಎಂ.ಟಿ.ಆರ್. ಎಂದರೆ ಜನಕ್ಕೆ ನೆನಪಾಗುವುದು ರವೆ ಇಡ್ಲಿ ಮತ್ತು ಮಧ್ಯಾಹ್ನದ ಊಟ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು, ಅದರ ಹೆಸರು ದೋಸೆಗೆ, ಮಲ್ಲೇಶ್ವರದ ಸಿ.ಟಿ.ಆರ್. ಕೂಡ ಹಾಗೆಯೇ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಕೂರಲು ಕುರ್ಚಿಯನ್ನೇ ಹುಡುಕಬೇಡಿ. 1980ರ ದಶಕದಲ್ಲಿ ಜಯನಗರದಿಂದ ಊರೆಲ್ಲ ಹಬ್ಬಿದ ದರ್ಶಿನಿಗಳು ನಿಂತು ತಿಂದು ಹೊರಡುವವರಿಗಾಗಿಯೇ ಹುಟ್ಟಿದವು. ಊರಿಗೆ ಬಂದ ನೆಂಟರನ್ನು ಇಂಥ ಕಡೆಗಳಿಗೆ ಸಂಜೆ ಕರೆದೊಯ್ದು ಅವರು ಅರೆಹೊಟ್ಟೆಯಲ್ಲಿ ಮರಳುವಂತೆ ಮಾಡಿದವರು ಬಹಳ ಮಂದಿ. ಹೆಸರಾಂತ ಹೋಟೆಲುಗಳ ಪಟ್ಟಿ ಹಿಡಿದು ರಾತ್ರಿಯೂಟದ ಜಾಗ ಆರಿಸಿದರೆ ತಪ್ಪುವುದು ಇಲ್ಲಿಯೇ: ಅವುಗಳಲ್ಲಿ ಅರ್ಧಕ್ಕೆ ಅದು ಬಾಗಿಲು ಹಾಕಲು ಅಣಿಯಾಗುವ ಹೊತ್ತು.

ಊರಿನ ಮಧ್ಯಭಾಗ ಎನ್ನುವಾಗಲೂ ಇಲ್ಲಿ ಎರಡು ಮಧ್ಯಭಾಗಗಳಿವೆ. ಒಂದು, ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಮತ್ತು ಅದರ ಮಗ್ಗುಲಿನ ಮೆಜೆಸ್ಟಿಕ್, ಗಾಂಧಿನಗರ. ಇನ್ನೊಂದು, 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು, ಅಂದರೆ ಇಂದಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳ ಸುತ್ತಮುತ್ತ. 1949ರವರೆಗೆ ಇವೆರಡಕ್ಕೆ ಬೇರೆ ಬೇರೆ ಪೌರಾಡಳಿತವೇ ಇತ್ತು. ಆಡಳಿತ ಒಂದಾಗಿ ಮುಕ್ಕಾಲು ಶತಮಾನವಾದರೂ ಉಣ್ಣುವ ಹೊತ್ತು ಇನ್ನೂ ಪೂರ್ತಿ ಒಂದಾಗಿಲ್ಲ. ಪೇಟೆಯ ಕಡೆ ಅಂಗಡಿ ಮುಚ್ಚುವವರ, ರಾತ್ರಿ ಬಸ್ಸು ರೈಲು ಹಿಡಿಯುವವರ ಊಟ ಬೇಗ ನಡೆಯುತ್ತದೆ. ದಂಡಿನ ಕಡೆ ಎಂಟರ ಮೇಲೆಯೇ ಮೇಜುಗಳು ತುಂಬುವುದು, ಬುಧವಾರವಾದರೂ ಸರಿ. ನಿಮಗೆ ಏಳಕ್ಕೆ ಊಟ ಬೇಕಾಗಿರುವುದರಿಂದ ಈ ವ್ಯತ್ಯಾಸ ಎರಡೂ ಕಡೆ ಅನುಕೂಲವೇ: ಪೇಟೆಯ ಕಡೆ ಆ ಹೊತ್ತಿಗೆ ಊಟ ತಯಾರಿರುತ್ತದೆ, ದಂಡಿನ ಕಡೆ ಆ ಹೊತ್ತಿಗೆ ಜನರಿರುವುದಿಲ್ಲ.

ನಿಮ್ಮ ಮನೆಯವರ ಮಟ್ಟಿಗೆ ನಾನು ಮೊದಲು ಹೇಳುವುದು ಗಾಂಧಿನಗರ. ಮೆಜೆಸ್ಟಿಕ್ ನಿಲ್ದಾಣದಿಂದ ಹತ್ತಿರ, ನಿಮ್ಮ ಕಚೇರಿಗೂ ಹತ್ತಿರ. ಅಲ್ಲಿನ ಕಾಮತ್ ಯಾತ್ರಿನಿವಾಸದಂಥ ಕಡೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿಗಳ ಉತ್ತರ ಕರ್ನಾಟಕದ ಊಟ ಹೆಸರಾಗಿದೆ. ಅಂಥ ಊಟದ ಗುಣವೆಂದರೆ ನಾಲ್ವರದೂ ಒಂದೇ ಒಲೆ, ರೊಟ್ಟಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ, ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ಮಲ್ಲೇಶ್ವರದವರೆಗೆ ಹೋಗಲು ಮನಸ್ಸಿದ್ದರೆ ಸಂಪಿಗೆ ರಸ್ತೆಯ ಹಳ್ಳಿ ಮನೆಯಲ್ಲಿ ಅಕ್ಕಿ ರೊಟ್ಟಿಯೂ ಮುದ್ದೆಯೂ ಸಿಗುತ್ತವೆ. ಪತಿಗೂ ನಿಮಗೂ ಮಾಂಸದೂಟ ಬೇಕು, ಅತ್ತೆಯವರಿಗೆ ಎಲೆಯ ಮೇಲೆ ಸಸ್ಯಾಹಾರ ಬೇಕು ಎಂಬ ರಾತ್ರಿಗೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಂಥ ಆಂಧ್ರ ಊಟದ ಜಾಗಗಳು ಸೂಕ್ತ. ಪಪ್ಪು ಎಂಬ ಬೇಳೆಯ ಪದಾರ್ಥ, ಪುಡಿ, ತುಪ್ಪ, ಅನ್ನ ಎಲ್ಲರಿಗೂ ಸಾಮಾನ್ಯ. ಮಾಂಸದ ಪದಾರ್ಥವನ್ನು ಬೇಕಾದವರು ಪ್ರತ್ಯೇಕವಾಗಿ ತರಿಸಿಕೊಳ್ಳುತ್ತಾರೆ. ಖಾರ ಮಾತ್ರ ಮಗಳಿಗೆ ಹೆಚ್ಚಾದೀತು, ಮೊಸರನ್ನು ಮೊದಲೇ ಹೇಳಿಬಿಡಿ. ಅವಸರವೇ ಇಲ್ಲದ ರಾತ್ರಿ, ಮಾತಾಡುತ್ತ ಕೂರಬೇಕೆಂದಾಗ, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಇದೆ. ಊಟಕ್ಕಿಂತ ಅಲ್ಲಿ ಕೂರುವುದೇ ಹಿತ ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಮಂದಿ ಇದ್ದಾರೆ.

ಮಿಲಿಟರಿ ಹೋಟೆಲುಗಳನ್ನು ನಾನು ಈ ಪಟ್ಟಿಗೆ ಸೇರಿಸಲಿಲ್ಲ. ಮುದ್ದೆ, ಬೋಟಿ, ಕಾಲು ಸೂಪುಗಳ ಸೊಗಸು ನನಗೂ ಪ್ರಿಯವೇ. ಆದರೆ ಅವುಗಳ ನಿಜವಾದ ಹೊತ್ತು ಬೆಳಗ್ಗೆ ಮತ್ತು ಮಧ್ಯಾಹ್ನ, ರಾತ್ರಿಯ ಹೊತ್ತಿಗೆ ಒಳ್ಳೆಯ ತುಂಡುಗಳು ಮುಗಿದಿರುತ್ತವೆ. ಕರಾವಳಿ ಹೋಟೆಲುಗಳಿಗೆ ಹೋಗುವುದಾದರೆ ತಿಂಗಳು ನೋಡಿ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ತಟ್ಟೆಗೆ ಬರುವ ಅಂಜಲ್ ಬಹುಮಟ್ಟಿಗೆ ಬೇರೆ ಕಡಲಿನದೋ ಮಂಜುಗಡ್ಡೆಯ ಪೆಟ್ಟಿಗೆಯದೋ ಆಗಿರುತ್ತದೆ. ಬೆಲೆ ಮಾತ್ರ ತಾಜಾ ಮೀನಿನದೇ. ಚಳಿಗಾಲದಲ್ಲಿ, ಡಿಸೆಂಬರ್, ಜನವರಿಗಳಲ್ಲಿ, ಸಸ್ಯಾಹಾರಿ ಹೋಟೆಲಿಗೆ ಹೋದಾಗ ಮೆನು ಕಾರ್ಡ್ ಮುಚ್ಚಿಟ್ಟು ಅವರೆಕಾಳಿನದು ಇವತ್ತು ಏನಿದೆ ಎಂದು ಕೇಳಿ. ಹಿತಕಿದ ಬೇಳೆಯ ಸಾರು ಇದ್ದರೆ ಬೇರೆ ಯೋಚನೆಯೇ ಬೇಡ.

ಅತ್ತೆಯವರ ವಿಷಯ ನೀವು ಬರೆದದ್ದಕ್ಕಿಂತ ಹೆಚ್ಚು ಗಂಭೀರವಾದದ್ದು. ಸಕ್ಕರೆ ಕಾಯಿಲೆಯವರಲ್ಲಿ ಕೆಲವರು ಊಟಕ್ಕೆ ಮೊದಲು ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳಬೇಕಾಗಿರುತ್ತದೆ. ಅದನ್ನು ಮನೆಯಿಂದ ಹೊರಡುವಾಗಲೇ ಮುಗಿಸಿ, ದಾರಿಯಲ್ಲಿ ಮುಕ್ಕಾಲು ಗಂಟೆ, ಹೋಟೆಲಿನಲ್ಲಿ ಮುಕ್ಕಾಲು ಗಂಟೆ ಕಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಅದರ ಸೂಚನೆಗಳು. ನಾನು ವೈದ್ಯನಲ್ಲ, ಆದರೆ ಹಾಲಿನಲ್ಲಿ ಹಿರಿಯರು ಹೀಗೆ ತಲೆಸುತ್ತಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ, ಪ್ರತಿ ಸಲವೂ ಊಟ ತಡವಾದ ಮೇಜಿನಲ್ಲಿಯೇ. ಅವರ ಔಷಧಿಯನ್ನು ಹೊರಗೆ ಊಟ ಮಾಡುವ ದಿನ ಯಾವಾಗ ತೆಗೆದುಕೊಳ್ಳಬೇಕೆಂದು ಅವರ ವೈದ್ಯರನ್ನೇ ಒಮ್ಮೆ ಕೇಳಿಟ್ಟುಕೊಳ್ಳಿ, ಪರ್ಸಿನಲ್ಲಿ ನಾಲ್ಕು ಬಿಸ್ಕತ್ತೋ ಒಂದಿಷ್ಟು ಸಕ್ಕರೆಯೋ ಇರಲಿ. ರಾಗಿಮುದ್ದೆಯೆಂದರೆ ಸಕ್ಕರೆಯವರಿಗೆ ಎಷ್ಟು ತಿಂದರೂ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮುದ್ದೆಯೂ ಪಿಷ್ಟವೇ, ಹೋಟೆಲಿನ ಮುದ್ದೆ ಮನೆಯ ಮುದ್ದೆಯ ಒಂದೂವರೆಯಷ್ಟು ಇರುತ್ತದೆ. ಅರ್ಧ ಮುದ್ದೆ, ಸೊಪ್ಪಿನ ಸಾರು, ಕೋಸಂಬರಿ ಎಂದರೆ ಅವರಿಗೂ ಹಿತ.

ಕೂರುವ ಜಾಗವನ್ನೂ ಅವರನ್ನು ನೋಡಿಕೊಂಡೇ ಆರಿಸಿ. ನಮ್ಮ ಹೋಟೆಲುಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮಹಡಿಯ ಮೇಲೆ ಎ.ಸಿ. ಹಾಲ್ ಎಂಬ ಏರ್ಪಾಡು ಸಾಮಾನ್ಯ. ಮೆಟ್ಟಿಲು ಕಡಿದಾಗಿರುತ್ತವೆ, ಅದೇ ದೋಸೆಗೆ ಮೇಲೆ ಬೇರೆ ಬೆಲೆ ಇರುತ್ತದೆ. ಮೇಲಿನ ಹಾಲಿನಲ್ಲಿ ತೆರಿಗೆ ಜಾಸ್ತಿ ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದು ಹಳೆಯ ಕಥೆ: 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ ಶೇಕಡ 12, ಎ.ಸಿ. ಇದ್ದದ್ದಕ್ಕೆ ಶೇಕಡ 18 ಇದ್ದದ್ದು ನಿಜ, ಆದರೆ ಅದೇ ವರ್ಷ ನವೆಂಬರ್ 15ರಿಂದ ಇಂಥ ಎಲ್ಲ ಹೋಟೆಲುಗಳಿಗೂ ಶೇಕಡ 5 ಆಗಿದೆ. ಮೇಲಿನ ಹಾಲಿನಲ್ಲಿ ಈಗ ನೀವು ಹೆಚ್ಚು ಕೊಡುವುದು ಹೋಟೆಲಿನವರು ಇಟ್ಟ ಬೆಲೆಯಿಂದ, ಸರ್ಕಾರದ ದರದಿಂದಲ್ಲ.

ಮಗಳು ಗೋಬಿ ಮಂಚೂರಿ ಕೇಳಿದರೆ ಕೊಡಿಸಿ, ಬಣ್ಣವನ್ನು ಮಾತ್ರ ನೋಡಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಅದು ಅನ್ವಯವಾಯಿತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ಬೆರಳಿಗೆ ಅಂಟಿದರೆ ತೊಳೆದಾಗ ಹೋಗುತ್ತದೆ. ಕೃತಕ ಬಣ್ಣದ ಗುರುತು ಮರುದಿನ ಶಾಲೆಗೆ ಹೋಗುವಾಗಲೂ ಉಗುರಿನಲ್ಲಿ ಇರುತ್ತದೆ.

ಸೇವಾ ಶುಲ್ಕಕ್ಕೆ ಬರೋಣ. ಅದು ತೆರಿಗೆಯಲ್ಲ, ಕೊಡಲೇಬೇಕಾದದ್ದೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಯಾವ ಹೋಟೆಲೂ ತಾನಾಗಿ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ, ಅದು ಕೊಡದಿದ್ದರೆ ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ. ಹೋಟೆಲುಗಳ ಸಂಘಗಳು ಇದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಲೆಕ್ಕದಲ್ಲಿ ಇದರ ಪರಿಣಾಮ ಹೀಗೆ: ನಿಮ್ಮ ಊಟದ ಬೆಲೆ 1,180 ರೂಪಾಯಿ ಎಂದುಕೊಳ್ಳಿ. ಶೇಕಡ 5ರ ಜಿಎಸ್‌ಟಿ, ಅಂದರೆ ಕೇಂದ್ರಕ್ಕೆ 29.50, ರಾಜ್ಯಕ್ಕೆ 29.50, ಒಟ್ಟು 59 ಸೇರಿ 1,239 ಆಗಬೇಕು. ಶೇಕಡ 10ರ ಸೇವಾ ಶುಲ್ಕ ಸೇರಿಸಿ, ಅದರ ಮೇಲೂ ತೆರಿಗೆ ಹಾಕಿದರೆ 1,362 ರೂಪಾಯಿ 90 ಪೈಸೆ. ಬಿಲ್ ಕೈಗೆ ಬಂದಾಗ ಗಲ್ಲಾದ ಬಳಿ ಹೋಗಿ, ಸ್ವರ ಏರಿಸದೆ, ಇದನ್ನು ತೆಗೆದು ಬೇರೆ ಬಿಲ್ ಕೊಡಿ ಎಂದರೆ ಬಹುಮಟ್ಟಿಗೆ ಕೊಡುತ್ತಾರೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಡಿಸಿದವರೊಡನೆ ಜಗಳ ಬೇಡ, ಬಿಲ್ಲಿನ ಮೇಲೆ ಅವರ ಅಧಿಕಾರ ಏನೂ ಇಲ್ಲ. ಉಳಿದ ಸುಮಾರು 124 ರೂಪಾಯಿಯಲ್ಲಿ ಐವತ್ತನ್ನೋ ನೂರನ್ನೋ ಸಪ್ಲೈಯರ್ ಕೈಗೇ ಕೊಟ್ಟರೆ ಅದು ಖಂಡಿತವಾಗಿ ಅವರಿಗೇ ತಲುಪುತ್ತದೆ. ಮುಂದಿನ ಬುಧವಾರ ನಿಮ್ಮ ಅತ್ತೆಯವರಿಗೆ ಫ್ಯಾನಿನ ಗಾಳಿ ನೇರವಾಗಿ ಬೀಳದ ಮೇಜು ಸಿಗುವುದೂ ಅದರಿಂದಲೇ.

ಇನ್ನೊಂದು ಚಿಕ್ಕ ಅಂಶ. ತೀರ ಸಣ್ಣ ಹೋಟೆಲುಗಳಲ್ಲಿ ರಾಜಿ ತೆರಿಗೆ ಪದ್ಧತಿಗೆ (ಕಾಂಪೊಸಿಷನ್ ಸ್ಕೀಮ್), ಅಂದರೆ ವಹಿವಾಟಿನ ಮೇಲೆ ತಾವೇ ನಿಗದಿತ ದರದ ತೆರಿಗೆ ಕಟ್ಟುವ ಏರ್ಪಾಡಿಗೆ, ಒಳಪಟ್ಟವರು ಇರುತ್ತಾರೆ; ಅವರು ಗ್ರಾಹಕರಿಂದ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತೆಯೇ ಇಲ್ಲ, ಆ ಮಾತನ್ನು ಬಿಲ್ಲಿನಲ್ಲಿ ಮುದ್ರಿಸಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯೂ ಇರಬೇಕು. ನಾನಂತೂ ಹೊಸ ಹೋಟೆಲಿನಲ್ಲಿ ಮೊದಲು ಕೈತೊಳೆಯುವ ಜಾಗವನ್ನು ನೋಡುತ್ತೇನೆ, ಆಮೇಲೆ ಈ ಸಂಖ್ಯೆಯನ್ನು.

ಕಡೆಯದಾಗಿ ನಿಮ್ಮ ಪತಿಯ ಸಂಕೋಚ. ದುಡ್ಡು ಕೊಟ್ಟ ಊಟ ನಿಮ್ಮದು, ಕಟ್ಟಿಸಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಅಡುಗೆ ಮಾಡಿದ ಭಟ್ಟರಿಗೆ ಬಕೆಟ್ಟಿಗೆ ಬೀಳುವ ತಟ್ಟೆ ಕೊಡುವ ನೋವು ಪಾರ್ಸೆಲ್ ಡಬ್ಬಿ ಕೊಡುವುದಿಲ್ಲ. ಅನಿಯಮಿತ ಊಟ ಕೊಡುವ ಕಡೆ ಮಾತ್ರ ಕೇಳಬಾರದು, ಅಲ್ಲಿ ಬೆಲೆ ಕಟ್ಟಿರುವುದು ಕುಳಿತು ಉಣ್ಣುವಷ್ಟಕ್ಕೆ. ಏನನ್ನು ಒಯ್ಯಬೇಕು ಎಂಬುದರಲ್ಲಿ ಎಚ್ಚರವಿರಲಿ. ಬೆಂದ ಅನ್ನದಲ್ಲಿ ಉಳಿದುಕೊಳ್ಳುವ ಕೆಲವು ಸೂಕ್ಷ್ಮಾಣುಗಳು ಬೆಚ್ಚಗಿನ ವಾತಾವರಣದಲ್ಲಿ ಬೆಳೆದು ವಿಷವನ್ನು ಬಿಡುತ್ತವೆ, ಆ ವಿಷ ಮರುದಿನ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಫ್ರೈಡ್ ರೈಸನ್ನು ತಟ್ಟೆಗೆ ಬಂದ ಎರಡು ಗಂಟೆಯೊಳಗೆ ಮನೆಯ ಫ್ರಿಜ್ಜಿನಲ್ಲಿ ಇಡಲು ಸಾಧ್ಯವಾದರೆ ಒಯ್ಯಿರಿ, ಇಲ್ಲದಿದ್ದರೆ ಬಿಟ್ಟುಬಿಡಿ. ಕಾಯಿ ಚಟ್ನಿ ಬೇಡವೇ ಬೇಡ. ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಬೆಳಗಿನವರೆಗೆ ಏನೂ ಆಗುವುದಿಲ್ಲ, ಆಫೀಸಿನ ಡಬ್ಬಿಗೆ ಸರಿಹೋಗುತ್ತದೆ. ಎಣ್ಣೆಗಾಯಿಯನ್ನು ಮನೆಯಿಂದಲೇ ತಂದ ಸ್ಟೀಲ್ ಡಬ್ಬಿಗೆ ಹಾಕಿಸಿಕೊಳ್ಳಿ; ಬಿಸಿ ಎಣ್ಣೆ ತೆಳು ಪ್ಲಾಸ್ಟಿಕ್ಕಿನ ಜೊತೆ ಮೆಟ್ರೊದಲ್ಲಿ ನಿಮ್ಮ ಮಡಿಲಿನವರೆಗೆ ಬರುವುದು ಬೇಡ.